ಬೆಳ್ಳಿ ಹೊರಗೆ ಕಳಿಸಿಯೂ ಲಾಭದ ಲೆಕ್ಕ: ವಾಣಿಜ್ಯವಾದ ಸುಂಕದ ಕಟ್ಟೆಯಲ್ಲಿ ನಡೆದದ್ದು ಹೇಗೆ?

ಪ್ರಶ್ನೆ: ಯುರೋಪಿನ ವಾಣಿಜ್ಯವಾದ, ಅಂದರೆ ಮರ್ಕೆಂಟಿಲಿಸಂ, ಚಿನ್ನ-ಬೆಳ್ಳಿಯನ್ನು ದೇಶದೊಳಗೆ ಕೂಡಿಹಾಕುವ ನೀತಿ ಎಂದು ಪದವಿ ಪಠ್ಯದಲ್ಲಿದೆ. ಅದೇ ಪುಸ್ತಕದ ಇನ್ನೊಂದು ಅಧ್ಯಾಯ ಈಸ್ಟ್ ಇಂಡಿಯಾ ಕಂಪನಿ ಹಡಗುಗಟ್ಟಲೆ ಬೆಳ್ಳಿಯನ್ನು ಭಾರತಕ್ಕೆ ತರುತ್ತಿತ್ತು ಎನ್ನುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ? ಈ ನೀತಿಯನ್ನು ಸರ್ಕಾರ ದಿನನಿತ್ಯ ಜಾರಿಗೆ ತರುತ್ತಿದ್ದುದಾದರೂ ಹೇಗೆ?

ಉತ್ತರ: ಎರಡೂ ನಿಜ. ಪಠ್ಯದ ಮೊದಲ ಮಾತು ಅರ್ಧಕ್ಕೆ ನಿಂತಿದೆ, ಅಷ್ಟೆ. ಚಿನ್ನ-ಬೆಳ್ಳಿ ಗಡಿ ದಾಟದಂತೆ ಹಿಡಿದಿಡಬೇಕೆಂಬುದು ಹಳೆಯ ವಾದ. ಸ್ಪೇನ್ ಅದನ್ನೇ ನೆಚ್ಚಿತ್ತು. ಅಮೆರಿಕದ ಗಣಿಗಳಿಂದ ಸೆವಿಲ್ ಬಂದರಿಗೆ ಬಂದ ಬೆಳ್ಳಿ, ನಿಷೇಧಾಜ್ಞೆಗಳನ್ನೆಲ್ಲ ದಾಟಿ, ಯುದ್ಧದ ಸಾಲಕ್ಕೂ ಆಮದು ಸರಕಿಗೂ ಹೊರಟುಹೋಯಿತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅದರ ಜಾಗಕ್ಕೆ ಬಂದದ್ದು ವ್ಯಾಪಾರ ಶಿಲ್ಕಿನ ಲೆಕ್ಕ. ಒಂದು ಹಡಗಿನಲ್ಲಿ ಎಷ್ಟು ಬೆಳ್ಳಿ ಹೋಯಿತು ಎಂದು ನೋಡಬೇಡಿ, ಇಡೀ ದೇಶದ ರಫ್ತು ಆಮದನ್ನು ಮೀರಿದೆಯೇ ನೋಡಿ. ಮೀರಿದ್ದರೆ ವ್ಯತ್ಯಾಸ ಬೆಳ್ಳಿಯಾಗಿಯೇ ಮನೆಗೆ ಬರುತ್ತದೆ ಎಂಬುದು ಅದರ ತಿರುಳು. ಈ ಎರಡನ್ನೂ ಒಂದೇ ಹೆಸರಿನಡಿ ಕಲಿಸುವುದರಿಂದ ನಿಮಗೆ ವಿರೋಧಾಭಾಸ ಕಂಡಿದೆ. ಆ ಒಂದೇ ಹೆಸರು ಕೂಡ ಆ ಕಾಲದವರು ಇಟ್ಟುಕೊಂಡದ್ದಲ್ಲ. ಇದೆಲ್ಲವನ್ನೂ ಒಂದು ‘ವ್ಯವಸ್ಥೆ’ ಎಂದು ಕಟ್ಟಿ ಟೀಕಿಸಿ ಪ್ರಸಿದ್ಧಗೊಳಿಸಿದವನು 1776ರಲ್ಲಿ ಆಡಂ ಸ್ಮಿತ್. ಅದಕ್ಕೆ ಮುಂಚೆ ಇದ್ದದ್ದು ಕಾಯ್ದೆಗಳ, ಸುಂಕದ ಪಟ್ಟಿಗಳ, ಅಹವಾಲುಗಳ ರಾಶಿ.

ಕಂಪನಿಯಿಂದಲೇ ಶುರುಮಾಡೋಣ. 1600ರ ಸನ್ನದು ಪ್ರತಿ ಯಾನಕ್ಕೆ 30,000 ಪೌಂಡ್ ಮೌಲ್ಯದ ಬೆಳ್ಳಿ ಒಯ್ಯಲು ಅನುಮತಿ ಕೊಟ್ಟಿತು. ಅನುಮತಿ ಬೇಕಾಯಿತು ಎಂಬುದೇ ಗಮನಿಸಬೇಕಾದ ಸಂಗತಿ: ಸಾಮಾನ್ಯ ವ್ಯಾಪಾರಿ ಬೆಳ್ಳಿ ಹೊರಗೆ ಕಳಿಸಿದರೆ ಅಪರಾಧ. 1601ರಲ್ಲಿ ಜೇಮ್ಸ್ ಲ್ಯಾಂಕಾಸ್ಟರ್ ನೇತೃತ್ವದಲ್ಲಿ ಹೊರಟ ಮೊದಲ ಯಾನದಲ್ಲಿ ಸುಮಾರು 28,700 ಪೌಂಡಿನ ನಾಣ್ಯವಿತ್ತು. ಇಂಗ್ಲೆಂಡಿನ ಸರಕು 7,000 ಪೌಂಡಿನಷ್ಟೂ ಇರಲಿಲ್ಲ. ಕಾರಣ ಸರಳ. ಇಂಗ್ಲೆಂಡಿನ ಬಳಿ ಮಾರಲು ಇದ್ದದ್ದು ದಪ್ಪ ಉಣ್ಣೆ ಬಟ್ಟೆ, ಸೀಸ, ತವರ. ಜಾವಾದಲ್ಲೋ ಸೂರತ್ತಿನಲ್ಲೋ ಆ ಉಣ್ಣೆಯನ್ನು ಹೊದೆಯುವವರು ಯಾರು? 17ನೇ ಶತಮಾನದ ಕೊನೆಯ ಹೊತ್ತಿಗೂ ಕಂಪನಿ ಏಷ್ಯಾಕ್ಕೆ ಕಳಿಸಿದ್ದರಲ್ಲಿ ಮೌಲ್ಯದ ಲೆಕ್ಕದಲ್ಲಿ ಮುಕ್ಕಾಲು ಪಾಲು ಬೆಳ್ಳಿ-ಚಿನ್ನವೇ. ಆ ಬೆಳ್ಳಿ ಇಂಗ್ಲೆಂಡಿನದೂ ಅಲ್ಲ. ಸ್ಪ್ಯಾನಿಷ್ ಅಮೆರಿಕದ ಗಣಿಗಳಿಂದ ಬಂದ ರಿಯಾಲ್ ನಾಣ್ಯಗಳನ್ನು ಕ್ಯಾಡಿಜ್, ಆಮ್‌ಸ್ಟರ್‌ಡ್ಯಾಂ, ಲಂಡನ್ ಪೇಟೆಗಳಲ್ಲಿ ಕೊಂಡು ಪೆಟ್ಟಿಗೆ ತುಂಬುತ್ತಿದ್ದರು.

ಇದಕ್ಕೆ ವಾದದ ಬೆಂಬಲ ಒದಗಿಸಿದವನು ಥಾಮಸ್ ಮನ್. ಅವನು ಕಂಪನಿಯ ನಿರ್ದೇಶಕ ಎಂಬುದನ್ನು ಮರೆಯಬಾರದು. 1620ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಉಣ್ಣೆ ಬಟ್ಟೆಯ ವ್ಯಾಪಾರ ಕುಸಿದಿತ್ತು, ಜರ್ಮನ್ ಸಂಸ್ಥಾನಗಳು ನಾಣ್ಯದ ಬೆಳ್ಳಿ ಕದ್ದು ಮೌಲ್ಯ ಇಳಿಸಿದ್ದವು, ಊರಲ್ಲಿ ನಾಣ್ಯವೇ ಸಿಗುತ್ತಿಲ್ಲವೆಂಬ ಕೂಗು ಎದ್ದಿತ್ತು. ಬೈಗುಳ ಕಂಪನಿಯ ಮೇಲೆ. ಜೆರಾರ್ಡ್ ಮ್ಯಾಲಿನ್ಸ್ ಎಂಬವನು, ವಿನಿಮಯ ದರವನ್ನು ಸಾಹುಕಾರರು ತಿರುಚುವುದೇ ರೋಗದ ಮೂಲ, ಅದನ್ನು ಸರ್ಕಾರ ನಿಗದಿ ಮಾಡಲಿ ಎಂದ. ಮನ್ 1621ರ ಪುಸ್ತಿಕೆಯಲ್ಲಿ ಮೆಣಸಿನ ದರ ಮುಂದಿಟ್ಟ: ಸಿರಿಯದ ಅಲೆಪ್ಪೊ ಪೇಟೆಯಲ್ಲಿ ರಾತ್ಲಿಗೆ (ತೂಕದ ಪೌಂಡಿಗೆ) 2 ಶಿಲಿಂಗ್, ಪೂರ್ವದೇಶದಲ್ಲೇ ಕೊಂಡರೆ ಎರಡೂವರೆ ಪೆನ್ಸ್. ಶಿಲಿಂಗಿಗೆ 12 ಪೆನ್ಸ್, ಪೌಂಡಿಗೆ 20 ಶಿಲಿಂಗ್. ಯುರೋಪಿಗೆ ಬೇಕಾದ 60 ಲಕ್ಷ ರಾತ್ಲಿಗೆ ಅಲೆಪ್ಪೊದಲ್ಲಿ 6 ಲಕ್ಷ ಪೌಂಡ್, ಮೂಲದಲ್ಲಿ 62,500 ಪೌಂಡ್. ಲೆಕ್ಕ ಹಾಕಿ ನೋಡಿ, ತಪ್ಪಿಲ್ಲ. ಹೇಗೂ ತಿನ್ನುವ ಮೆಣಸನ್ನು ದುಬಾರಿ ದಾರಿಯಲ್ಲಿ ಕೊಂಡು ಹೆಚ್ಚು ಬೆಳ್ಳಿ ಕಳೆಯುವ ಬದಲು, ಕಡಿಮೆ ಬೆಳ್ಳಿಗೆ ತಂದು, ತಿಂದು ಮಿಕ್ಕಿದ್ದನ್ನು ಇಟಲಿಗೂ ಬಾಲ್ಟಿಕ್ ಬಂದರುಗಳಿಗೂ ಮಾರಿದರೆ ಹೋದದ್ದಕ್ಕಿಂತ ಹೆಚ್ಚು ಬೆಳ್ಳಿ ತಿರುಗಿ ಬರುತ್ತದೆ ಎಂಬುದು ಅವನ ವಾದ. ಬಿತ್ತನೆಗೆ ಕಾಳು ಚೆಲ್ಲುವ ರೈತನನ್ನು ಹುಚ್ಚನೆನ್ನುತ್ತೀರಾ ಎಂದು ಅವನು ಕೇಳಿದ್ದು ಇದೇ ವಾದದ ಸಮರ್ಥನೆಗೆ.

ಅವನ ಲೆಕ್ಕದಲ್ಲಿ ಒಂದು ಕೊಂಡಿ ಕಳಚಿದರೆ ಇಡೀ ವಾದ ಬೀಳುತ್ತದೆ: ಮರುರಫ್ತು. ತಂದದ್ದನ್ನೆಲ್ಲ ದೇಶದಲ್ಲೇ ಬಳಸಿದರೆ ಬೆಳ್ಳಿ ಹೋದದ್ದು ಹೋದಂತೆಯೇ. ಹಾಗಾಗಿ ಮುಂದಿನ ನೂರು ವರ್ಷದ ಕಾನೂನುಗಳಲ್ಲಿ ಬಹುಪಾಲು ಇದೇ ಕೊಂಡಿಯ ಸುತ್ತ ಹೆಣೆದವು.

1663ರಲ್ಲಿ ಪಾರ್ಲಿಮೆಂಟು ವಿದೇಶಿ ನಾಣ್ಯವನ್ನೂ ಗಟ್ಟಿ ಚಿನ್ನ-ಬೆಳ್ಳಿಯನ್ನೂ ಸುಂಕದ ಕಟ್ಟೆಯಲ್ಲಿ ಬರೆಸಿ ಹೊರಗೆ ಕಳಿಸಲು ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂಗ್ಲಿಷ್ ನಾಣ್ಯಕ್ಕೆ ನಿಷೇಧ ಮುಂದುವರಿಯಿತು. ಎಡವಟ್ಟಾದದ್ದು ಇಲ್ಲೇ. ನಾಣ್ಯ ಕರಗಿಸಿದರೆ ಗಟ್ಟಿ. ಗಟ್ಟಿಗೆ ಊರಿನ ಹೆಸರಿಲ್ಲ. ಲಂಡನ್ ಟಂಕಸಾಲೆ ಒಂದು ಟ್ರಾಯ್ ರಾತ್ಲು (ಚಿನ್ನ-ಬೆಳ್ಳಿ ತೂಗುವ, 12 ಔನ್ಸಿನ ರಾತ್ಲು) ಬೆಳ್ಳಿಯಿಂದ 62 ಶಿಲಿಂಗ್ ಹೊಡೆಯುತ್ತಿತ್ತು, ಅಂದರೆ ಔನ್ಸಿಗೆ 5 ಶಿಲಿಂಗ್ 2 ಪೆನ್ಸ್. 1695ರ ಹೊತ್ತಿಗೆ ಪೇಟೆ ದರ ಔನ್ಸಿಗೆ 6 ಶಿಲಿಂಗ್ 5 ಪೆನ್ಸ್ ಮುಟ್ಟಿತು. ಪೂರ್ಣ ತೂಕದ ನಾಣ್ಯ ಕೈಗೆ ಬಂದವನು ಅದನ್ನು ಕರಗಿಸಿ ಮಾರಿದರೆ ಔನ್ಸಿಗೆ 15 ಪೆನ್ಸ್ ಉಳಿಕೆ. ಚಲಾವಣೆಯಲ್ಲಿ ನಿಂತದ್ದು ಅಂಚು ಕತ್ತರಿಸಿದ ಹಳೆಯ ನಾಣ್ಯಗಳು, ಅವೂ ಸರಾಸರಿ ಅರ್ಧದಷ್ಟು ತೂಕ ಕಳೆದುಕೊಂಡವು. ಖಜಾನೆಯ ವಿಲಿಯಂ ಲೌಂಡ್ಸ್ ಹೊಸ ನಾಣ್ಯದ ತೂಕ ಇಳಿಸೋಣ ಎಂದ. ತತ್ತ್ವಜ್ಞಾನಿ ಜಾನ್ ಲಾಕ್ ಒಂದು ಗುಲಗಂಜಿಯೂ ಇಳಿಸಕೂಡದು ಎಂದು ಹಠ ಹಿಡಿದ. ಲಾಕ್ ಗೆದ್ದ, 1696ರಲ್ಲಿ ಹಳೆಯ ತೂಕಕ್ಕೇ ಮರುಟಂಕನ ನಡೆಯಿತು, ಐಸಾಕ್ ನ್ಯೂಟನ್ ಟಂಕಸಾಲೆಗೆ ಬಂದದ್ದು ಆ ವರ್ಷವೇ. ನನ್ನ ದೃಷ್ಟಿಯಲ್ಲಿ ಲೌಂಡ್ಸ್ ಹೇಳಿದ್ದೇ ಸರಿ. ಹೊಸ ಭಾರದ ನಾಣ್ಯಗಳು ಹೊರಬಿದ್ದ ಬೆನ್ನಿಗೇ ಮತ್ತೆ ಕರಗಿ ಹೊರಟವು, ಏಕೆಂದರೆ ಇಂಗ್ಲೆಂಡಿನಲ್ಲಿ ಚಿನ್ನದೆದುರು ಬೆಳ್ಳಿಗೆ ಕಟ್ಟಿದ ಬೆಲೆ ಯುರೋಪಿನ ಇತರೆಡೆಗಿಂತ ಕಡಿಮೆ ಇತ್ತು. 1717ರಲ್ಲಿ ಗಿನಿ ಎಂಬ ಚಿನ್ನದ ನಾಣ್ಯದ ಬೆಲೆಯನ್ನು 21 ಶಿಲಿಂಗಿಗೆ ಇಳಿಸಿದರೂ ಸೋರಿಕೆ ನಿಲ್ಲಲಿಲ್ಲ. ಬೆಳ್ಳಿ ಉಳಿಸಲೆಂದು ಇಷ್ಟೆಲ್ಲ ಮಾಡಿದ ದೇಶ, ಯಾರೂ ಯೋಜಿಸದೆಯೇ, ಚಿನ್ನದ ನಾಣ್ಯದ ದೇಶವಾಯಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ನೀತಿ ಜಾರಿಯಾಗುತ್ತಿದ್ದದ್ದು ಸುಂಕದ ಕಟ್ಟೆಯಲ್ಲಿ, ಸರಕು ಸರಕಿಗೆ ಬೇರೆ ಬೇರೆಯಾಗಿ. ಅಧಿಕಾರಿಯ ಮೇಜಿನ ಮೇಲೆ 1660ರ ದರಪಟ್ಟಿ ಇರುತ್ತಿತ್ತು. ಪ್ರತಿ ಸರಕಿಗೂ ಅದರಲ್ಲಿ ಒಂದು ನಿಗದಿತ ಮೌಲ್ಯ. ಪೌಂಡಿಗೆ 12 ಪೆನ್ಸ್, ಅಂದರೆ ನೂರಕ್ಕೆ 5, ಮೂಲ ಸುಂಕ. ಮುಂದೆ ಒಂದೊಂದು ಯುದ್ಧ ಬಂದಾಗಲೂ ಅದರ ಮೇಲೆ ಹೊಸ ಪದರ ಕೂಡಿತು. ಆಮದಾದ ಸರಕನ್ನು ಇಂಗ್ಲಿಷ್ ವ್ಯಾಪಾರಿ 12 ತಿಂಗಳೊಳಗೆ ಮರುರಫ್ತು ಮಾಡಿದರೆ ಆ ಮೂಲ ಸುಂಕದ ಅರ್ಧ ವಾಪಸ್. ಮನ್ ಹೇಳಿದ ಕೊಂಡಿಗೆ ಕಾನೂನಿನ ರೂಪ ಇದು.

ಕಚ್ಚಾ ಮಾಲಿನ ವಿಷಯದಲ್ಲಿ ದಿಕ್ಕು ತಿರುವುಮುರುವು. ಇಂಗ್ಲೆಂಡಿನ ಉಣ್ಣೆ ಹೊರಗೆ ಹೋಗಕೂಡದು, ಬಟ್ಟೆಯಾಗಿಯೇ ಹೋಗಬೇಕು. ನೂಲುವವರ, ನೇಯುವವರ, ಬಣ್ಣ ಹಾಕುವವರ ಕೂಲಿಯನ್ನು ವಿದೇಶಿಯೇ ತೆರಬೇಕು. 1662ರಲ್ಲಿ ಉಣ್ಣೆ ರಫ್ತು ಘೋರ ಅಪರಾಧವಾಯಿತು. ಆಗ ಕೆಂಟ್ ಮತ್ತು ಸಸೆಕ್ಸ್ ಕರಾವಳಿಯ ಜವುಗು ನೆಲದಿಂದ ರಾತ್ರಿ ಹೊತ್ತು ಉಣ್ಣೆ ಫ್ರಾನ್ಸಿಗೆ ಸಾಗಿಸುವ ದಂಧೆ ಬೆಳೆಯಿತು. ದೇಶದೊಳಗೆ ಉಣ್ಣೆಗೆ ಗಿರಾಕಿ ಹೆಚ್ಚಿಸಲು 1678ರ ಕಾಯ್ದೆ ಹೆಣವನ್ನೂ ಬಿಡಲಿಲ್ಲ: ಶವವನ್ನು ಉಣ್ಣೆ ಬಟ್ಟೆಯಲ್ಲೇ ಹೂಳಬೇಕು, 8 ದಿನದೊಳಗೆ ಪ್ರಮಾಣಪತ್ರ ಸಲ್ಲಿಸಬೇಕು, ತಪ್ಪಿದರೆ 5 ಪೌಂಡ್ ದಂಡ, ಅದರ ಅರ್ಧ ದೂರು ಕೊಟ್ಟವನಿಗೆ. ನಾರುಬಟ್ಟೆಯೇ ಬೇಕೆಂದ ಸಿರಿವಂತರು ತಮ್ಮವರಿಂದಲೇ ದೂರು ಕೊಡಿಸಿ ಎರಡೂವರೆ ಪೌಂಡ್ ಉಳಿಸಿಕೊಳ್ಳುತ್ತಿದ್ದುದುಂಟು. ಧಾನ್ಯಕ್ಕೆ ಇನ್ನೊಂದು ಬಗೆ: ಗೋಧಿ ಬೆಲೆ ಕ್ವಾರ್ಟರಿಗೆ (ಧಾನ್ಯ ಅಳೆಯುವ ಒಂದು ಮಾಪನ) 48 ಶಿಲಿಂಗ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ರಫ್ತುದಾರನಿಗೆ ಸರ್ಕಾರವೇ ಕ್ವಾರ್ಟರಿಗೆ 5 ಶಿಲಿಂಗ್ ಕೊಡುತ್ತಿತ್ತು (1689ರ ಕಾಯ್ದೆ). ಭೂಮಾಲೀಕರು ತುಂಬಿದ್ದ ಪಾರ್ಲಿಮೆಂಟಿನಲ್ಲಿ ಇದು ಪಾಸಾದದ್ದರಲ್ಲಿ ಸೋಜಿಗವೇನಿಲ್ಲ.

ಹಡಗು ಕಾಯ್ದೆಗಳ ಗುರಿ ಡಚ್ಚರು. 1651ರಲ್ಲಿ ಶುರುವಾಗಿ 1660ರಲ್ಲಿ ಗಟ್ಟಿಯಾದ ನಿಯಮದಂತೆ ವಸಾಹತುಗಳ ಸರಕು ಇಂಗ್ಲಿಷ್ ಅಥವಾ ವಸಾಹತಿನ ಹಡಗಿನಲ್ಲೇ ಸಾಗಬೇಕು. ಕಪ್ತಾನನೂ ನಾವಿಕರಲ್ಲಿ ಮುಕ್ಕಾಲು ಪಾಲೂ ಇಂಗ್ಲಿಷರಾಗಿರಬೇಕು. ಸಕ್ಕರೆ, ತಂಬಾಕು, ಹತ್ತಿ, ನೀಲಿ, ಶುಂಠಿ, ಬಣ್ಣದ ಕಟ್ಟಿಗೆ ಇವುಗಳನ್ನು ಇಂಗ್ಲೆಂಡಿಗೋ ಅದರ ವಸಾಹತಿಗೋ ಬಿಟ್ಟು ಬೇರೆಲ್ಲೂ ಇಳಿಸುವಂತಿಲ್ಲ. ಇದಕ್ಕೆ ಹಡಗಿನವನು ಮುಚ್ಚಳಿಕೆ ಬರೆದುಕೊಡಬೇಕು: 100 ಟನ್ನಿನೊಳಗಿನ ಹಡಗಿಗೆ 1,000 ಪೌಂಡ್, ದೊಡ್ಡದಕ್ಕೆ 2,000. ಹಡಗಿನವರು ಇದಕ್ಕೊಂದು ಉಪಾಯ ಕಂಡುಕೊಂಡರು. ಒಂದು ವಸಾಹತಿನಿಂದ ಇನ್ನೊಂದಕ್ಕೆಂದು ತಂಬಾಕು ತುಂಬಿ, ಅಲ್ಲಿಂದ ನೇರ ಯುರೋಪಿಗೆ ಹೊರಡುವುದು. ಅದನ್ನು ಮುಚ್ಚಲು 1673ರಲ್ಲಿ ವಸಾಹತಿನ ಬಂದರಿನಲ್ಲೇ ರಾತ್ಲು ತಂಬಾಕಿಗೆ 1 ಪೆನಿ ಸುಂಕ ಹಾಕಿದರು. ಕಟ್ಟುಪಾಡು ಒಂದೇ ಬದಿಗೆ ಇತ್ತೆಂದು ತಿಳಿಯಬೇಡಿ. ವರ್ಜೀನಿಯದ ತಂಬಾಕಿಗೆ ಪೇಟೆ ಕಾಯ್ದಿಡಲು ಇಂಗ್ಲೆಂಡಿನೊಳಗೆ ತಂಬಾಕು ಬೆಳೆಯುವುದನ್ನೇ ನಿಷೇಧಿಸಿ, ಗ್ಲೌಸ್ಟರ್‌ಶೈರಿನಲ್ಲಿ ಬೆಳೆದು ನಿಂತ ಪೈರನ್ನು ಸೈನಿಕರಿಂದ ತುಳಿಸಿದರು.

ಸುಂಕ ವಾಪಸಾತಿಯ ಕಳ್ಳದಾರಿ ಇನ್ನೂ ಸೊಗಸಾಗಿತ್ತು. ತಂಬಾಕನ್ನೋ ಚಹವನ್ನೋ ರಫ್ತು ಎಂದು ಬರೆಸಿ ವಾಪಸಾತಿ ಪಡೆ, ಹಡಗನ್ನು ಐಲ್ ಆಫ್ ಮ್ಯಾನ್ ದ್ವೀಪಕ್ಕೆ ಒಯ್ಯು, ಅಲ್ಲಿಂದ ದೋಣಿಯಲ್ಲಿ ಕತ್ತಲಲ್ಲಿ ಇಂಗ್ಲೆಂಡಿಗೇ ಮರಳಿ ಇಳಿಸು. ಆ ದ್ವೀಪ ಇಂಗ್ಲಿಷ್ ಸುಂಕದ ವ್ಯಾಪ್ತಿಯಲ್ಲಿ ಇರಲಿಲ್ಲ. ಕಾನೂನಿನಿಂದ ತಡೆಯಲಾಗದೆ ಕೊನೆಗೆ 1765ರಲ್ಲಿ ಸರ್ಕಾರ ಅದರ ಒಡೆಯನಾದ ಅಥೋಲ್ ಡ್ಯೂಕನಿಗೆ 70,000 ಪೌಂಡ್ ಕೊಟ್ಟು ಹಕ್ಕುಗಳನ್ನೇ ಕೊಂಡುಕೊಂಡಿತು.

ಮನ್ ಬರೆದಾಗ ಪೂರ್ವದ ಮುಖ್ಯ ಸರಕು ಮೆಣಸು. ಇಂಗ್ಲೆಂಡಿನಲ್ಲಿ ಮೆಣಸು ಬೆಳೆಯುವವರಿಲ್ಲ. ಯಾರ ಹೊಟ್ಟೆಗೂ ಏಟಿಲ್ಲ. ಆ ಮೆಣಸು ಬಹುಪಾಲು ಜಾವಾ-ಸುಮಾತ್ರಗಳದ್ದು. ನಮ್ಮ ಕರಾವಳಿ ಈ ಲೆಕ್ಕಕ್ಕೆ ಸೇರಿದ್ದು ತುಸು ತಡವಾಗಿ: ಸೋಂದೆ ಸೀಮೆಯ ಮೆಣಸಿನ ಹೆಸರು ಕೇಳಿ ಕೋರ್ಟೀನ್ ಎಂಬವನ ಸಂಘ 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆಯಿತು. ಕೆಲವೇ ದಶಕಗಳಲ್ಲಿ ಅಲ್ಲಿಂದ ಮೆಣಸು, ಏಲಕ್ಕಿಯ ಜೊತೆಗೆ ಹುಬ್ಬಳ್ಳಿ ಕಡೆಯ ನೇಕಾರರ ತೆಳು ಮಸ್ಲಿನ್ ಬಟ್ಟೆಯೂ ಹಡಗು ಹತ್ತುತ್ತಿತ್ತು. ಭಾರತದ ಉಳಿದ ಕೋಠಿಗಳದ್ದೂ ಇದೇ ಕಥೆ, ಇನ್ನೂ ದೊಡ್ಡ ಪ್ರಮಾಣದಲ್ಲಿ. ಶತಮಾನದ ಕೊನೆಗೆ ಕಂಪನಿಯ ಮುಖ್ಯ ಸರಕು ಮೆಣಸಲ್ಲ, ಬಟ್ಟೆ. ಬಟ್ಟೆಗಾದರೆ ಇಂಗ್ಲೆಂಡಿನಲ್ಲಿ ಎದುರಾಳಿಗಳಿದ್ದರು.

1697ರಲ್ಲಿ ಲಂಡನ್ನಿನ ರೇಷ್ಮೆ ನೇಕಾರರು ಪಾರ್ಲಿಮೆಂಟಿಗೆ ಮುತ್ತಿಗೆ ಹಾಕಿ ಕಂಪನಿಯ ಕಚೇರಿಯ ಮೇಲೂ ನುಗ್ಗಿದರು. 1700ರಲ್ಲಿ ಕಾಯ್ದೆಯಾಯಿತು, 1701ರ ಸೆಪ್ಟೆಂಬರ್ 29ರಿಂದ ಜಾರಿ: ಪರ್ಷಿಯ, ಚೀನ, ಭಾರತದ ರೇಷ್ಮೆಯನ್ನೂ ಬಣ್ಣ ಹಾಕಿದ, ಅಚ್ಚೊತ್ತಿದ ಹತ್ತಿ ಬಟ್ಟೆಯನ್ನೂ ಇಂಗ್ಲೆಂಡಿನಲ್ಲಿ ಉಡುವಂತಿಲ್ಲ. ಆದರೆ ತರಬಹುದು! ಬೀಗ ಹಾಕಿದ ಗೋದಾಮಿನಲ್ಲಿಟ್ಟು ಮರುರಫ್ತು ಮಾಡಬೇಕು, ಅಷ್ಟೆ. ಮನ್ ಲೆಕ್ಕದ ಅಕ್ಷರಶಃ ಪಾಲನೆ ಇದು: ದೇಶದೊಳಗಿನ ಬಳಕೆ ಸೊನ್ನೆ, ಮರುರಫ್ತು ಪೂರ್ತಿ. ಆ ಬಟ್ಟೆಯ ಒಂದು ದೊಡ್ಡ ಪಾಲು ಪಶ್ಚಿಮ ಆಫ್ರಿಕದ ಕರಾವಳಿಗೆ ಹೋಗಿ, ಅಲ್ಲಿ ಗುಲಾಮರನ್ನು ಕೊಳ್ಳಲು ಬೆಲೆಯಾಗಿ ಬಳಕೆಯಾಯಿತು. ಕೋರಮಂಡಲದ ಮಗ್ಗಕ್ಕೂ ಕೆರಿಬಿಯನ್ನಿನ ಸಕ್ಕರೆ ತೋಟಕ್ಕೂ ಇದ್ದ ಈ ನಂಟನ್ನು ನಮ್ಮ ಪಠ್ಯಗಳು ಹೇಳುವುದೇ ಕಡಿಮೆ.

ಕಾಯ್ದೆಯಲ್ಲಿ ಒಂದು ಕಿಂಡಿ ಉಳಿದಿತ್ತು. ಬಿಳಿ ಬಟ್ಟೆಯನ್ನು ಸುಂಕ ತೆತ್ತು ತರಬಹುದಿತ್ತು. ತಂದವರು ಲಂಡನ್ ಸುತ್ತಮುತ್ತ ಅಚ್ಚು ಹಾಕಿಸಿ ಮಾರತೊಡಗಿದರು. ಭಾರತದ ಚೀಟಿ (ಅಚ್ಚೊತ್ತಿದ ಹತ್ತಿ) ಬಟ್ಟೆಯ ಜಾಗಕ್ಕೆ ಇಂಗ್ಲಿಷ್ ಅಚ್ಚಿನದು ಬಂತು, ನೇಕಾರನ ಗೋಳು ಹಾಗೇ ಉಳಿಯಿತು. 1719ರ ಬೇಸಿಗೆಯಲ್ಲಿ ನೇಕಾರರು ಬೀದಿಯಲ್ಲಿ ಹೆಂಗಸರ ಮೈಮೇಲಿನ ಹತ್ತಿ ಉಡುಪು ಹರಿದರು, ಮಸಿ, ಆಮ್ಲ ಎರಚಿದರು. 1721ರ ಕಾಯ್ದೆ ಅಚ್ಚು ಎಲ್ಲೇ ಬಿದ್ದಿರಲಿ, ಆ ಬಟ್ಟೆ ಉಡುವುದನ್ನೇ 1722ರ ಡಿಸೆಂಬರ್ 25ರಿಂದ ನಿಷೇಧಿಸಿತು. ಉಟ್ಟವರಿಗೆ 5 ಪೌಂಡ್, ಮಾರಿದವರಿಗೆ 20 ಪೌಂಡ್ ದಂಡ. ವಿನಾಯಿತಿ ಸಿಕ್ಕಿದ್ದು ಮಸ್ಲಿನ್ನಿಗೆ, ಪೂರ್ತಿ ನೀಲಿ ಬಣ್ಣದ ಬಟ್ಟೆಗೆ, ಮತ್ತು ನಾರಿನ ಹಾಸು (ಉದ್ದ ಎಳೆ) ಮತ್ತು ಹತ್ತಿಯ ಹೊಕ್ಕು (ಅಡ್ಡ ಎಳೆ) ಹಾಕಿ ನೇಯುವ ಫಸ್ಟಿಯನ್ ಬಟ್ಟೆಗೆ. ಈ ಕೊನೆಯದು ಲ್ಯಾಂಕಶೈರಿನ ಸರಕು. ಉಣ್ಣೆ-ರೇಷ್ಮೆಯವರಿಗೆಂದು ಕಟ್ಟಿದ ಬೇಲಿಯೊಳಗೆ ಅವರ ಮುಂದಿನ ಶತ್ರು ಬೆಳೆಯುತ್ತಿದ್ದ. ಗಟ್ಟಿ ಹತ್ತಿ ಹಾಸು ನೂಲುವುದು ರಿಚರ್ಡ್ ಆರ್ಕ್‌ರೈಟನ ಯಂತ್ರಕ್ಕೆ ಸಾಧ್ಯವಾದಾಗ ಅವನೇ ಪಾರ್ಲಿಮೆಂಟಿಗೆ ಹೋಗಿ, ದೇಶದಲ್ಲೇ ನೇಯ್ದ ಪೂರ್ಣ ಹತ್ತಿ ಬಟ್ಟೆಗೆ 1774ರಲ್ಲಿ ಅನುಮತಿ ತಂದ. ಗುರುತಿಗೆ ಅಂಚಿನಲ್ಲಿ ಮೂರು ನೀಲಿ ಎಳೆ ಇರಬೇಕು, ಗಜಕ್ಕೆ 3 ಪೆನ್ಸ್ ಸುಂಕ. ಭಾರತದ ಬಟ್ಟೆಗೆ ತಡೆ ಹಾಗೇ ಉಳಿಯಿತು.

ಫ್ರಾನ್ಸಿನ ದಾರಿ ಬೇರೆ. ಅಲ್ಲಿನ ಹಣಕಾಸು ಮಂತ್ರಿ ಜಾನ್ ಬ್ಯಾಪ್ಟಿಸ್ಟ್ ಕೋಲ್ಬೇರ್ ಸುಂಕವನ್ನು 1664ರಲ್ಲಿ ಕ್ರಮಗೊಳಿಸಿ 1667ರಲ್ಲಿ ಹಲವು ಸರಕುಗಳಿಗೆ ದುಪ್ಪಟ್ಟು ಮಾಡಿದ. ವೆನಿಸ್ಸಿನಿಂದ ಕನ್ನಡಿ ಕುಶಲಕರ್ಮಿಗಳನ್ನು ಗುಟ್ಟಾಗಿ ಕರೆತಂದ. ಬಟ್ಟೆಯ ಅಗಲ-ಉದ್ದಗಳನ್ನು ಕಾಯ್ದೆಯಲ್ಲೇ ಬರೆದ. ಕಳಪೆ ಬಟ್ಟೆಯನ್ನು ತಯಾರಕನ ಹೆಸರಿನೊಂದಿಗೆ ಕಂಬಕ್ಕೆ ತೂಗುಹಾಕಬೇಕು, ಮೂರನೆಯ ಸಲ ಸಿಕ್ಕಿಬಿದ್ದರೆ ತಯಾರಕನನ್ನೇ ಕಟ್ಟಬೇಕು ಎಂಬ ಆಜ್ಞೆಯೂ ಇತ್ತು. 1667ರ ದರಗಳು ಡಚ್ಚರನ್ನು ಕೆರಳಿಸಿದವು, 1672ರಲ್ಲಿ ಯುದ್ಧವಾಯಿತು, 1678ರ ನೈಮೇಖನ್ ಒಪ್ಪಂದದಲ್ಲಿ ಫ್ರಾನ್ಸ್ ಡಚ್ಚರ ಮಟ್ಟಿಗೆ 1664ರ ದರಕ್ಕೇ ಮರಳಬೇಕಾಯಿತು. ಭಾರತದ ಅಚ್ಚಿನ ಬಟ್ಟೆಗೆ ಅಲ್ಲಿ 1686ರಿಂದ 1759ರವರೆಗೆ ನಿಷೇಧವಿತ್ತು. ಒಳಗಿನ ಅಚ್ಚು ಕಸುಬನ್ನೂ ಹೊಸಕಿದ್ದರಿಂದ ಆ ಕೌಶಲ ಗಡಿಯಾಚೆ ಸ್ವಿಟ್ಜರ್ಲೆಂಡಿಗೆ ವಲಸೆ ಹೋಯಿತು.

ಅಂಕಿ ಅಂಶ ಬಳಸುವಾಗ ಒಂದು ಎಚ್ಚರ. ಇಂಗ್ಲೆಂಡಿನಲ್ಲಿ 1671ರವರೆಗೆ ಸುಂಕ ವಸೂಲಿ ಬಹುತೇಕ ಗುತ್ತಿಗೆಯಲ್ಲಿತ್ತು. ಆಮದು-ರಫ್ತಿನ ಒಟ್ಟು ಲೆಕ್ಕ ಬರೆಯಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿದ್ದು 1696ರಲ್ಲಿ. ಅವನ ಪುಸ್ತಕದಲ್ಲಿ ಸರಕಿಗೆ ಹಚ್ಚಿದ ಬೆಲೆ ಬೇಗನೆ ಹೆಪ್ಪುಗಟ್ಟಿತು. ಪೇಟೆ ಏರಿಳಿದರೂ 18ನೇ ಶತಮಾನದುದ್ದಕ್ಕೂ ಹಳೆಯ ದರವೇ. ಹಾಗಾಗಿ ಆ ಅಂಕಿಗಳು ಸರಕಿನ ಪ್ರಮಾಣದ ಏರಿಳಿತ ತೋರಿಸುತ್ತವೆಯೇ ಹೊರತು ನಿಜವಾದ ಶಿಲ್ಕನ್ನಲ್ಲ. ಕಳ್ಳಸಾಗಣೆ, ಹಡಗು ಬಾಡಿಗೆ, ವಿಮೆ ಯಾವುದೂ ಅದರಲ್ಲಿಲ್ಲ. ಯಾವ ಶಿಲ್ಕಿಗಾಗಿ ಇಷ್ಟೆಲ್ಲ ಕಾಯ್ದೆ ಬರೆದರೋ ಅದನ್ನು ಅಳೆಯುವ ಕೋಲೇ ಅವರ ಬಳಿ ಇರಲಿಲ್ಲ.

ಇನ್ನು ನಿಮ್ಮ ಬೆಳ್ಳಿ. 1757ರ ಪ್ಲಾಸಿ ಕದನದ ನಂತರ ಬಂಗಾಳಕ್ಕೆ ಬೆಳ್ಳಿ ಬರುವುದು ಬಹುತೇಕ ನಿಂತಿತು. 1765ರಲ್ಲಿ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿ, ಅಂದರೆ ಕಂದಾಯ ವಸೂಲಿಯ, ಹಕ್ಕು ಸಿಕ್ಕ ಮೇಲೆ ಕಂಪನಿ ಅಲ್ಲಿನ ಕಂದಾಯದ ಉಳಿಕೆಯಿಂದಲೇ ಬಟ್ಟೆ, ರೇಷ್ಮೆ ಕೊಂಡು ಲಂಡನ್ನಿಗೆ ಕಳಿಸಿತು. ಮನ್ ಲೆಕ್ಕದಲ್ಲಿ ಖರ್ಚಿನ ಬದಿಯಲ್ಲಿದ್ದ ಬೆಳ್ಳಿಯ ಅಂಕಣವೇ ಖಾಲಿಯಾಯಿತು. ಪರೀಕ್ಷೆಗೆ ಬರೆಯುವಾಗ ಹಲವರು ಇಲ್ಲಿ ಎಡವುತ್ತಾರೆ: ದಾದಾಭಾಯಿ ನವರೋಜಿ ಹೇಳಿದ, ಭಾರತದಿಂದ ಇಂಗ್ಲೆಂಡಿಗೆ ಆದ ಸಂಪತ್ತಿನ ಸೋರಿಕೆಯನ್ನು 1600ರಿಂದಲೇ ಶುರುಮಾಡಿಬಿಡುತ್ತಾರೆ. 1757ಕ್ಕೆ ಮುಂಚೆ ಬೆಳ್ಳಿ ಹರಿದದ್ದು ಭಾರತದ ಕಡೆಗೆ, ಕೊಂಡ ಸರಕಿಗೆ ಬೆಲೆಯಾಗಿ. ಈ ಎರಡು ಕಾಲಘಟ್ಟಗಳನ್ನು ಬೇರೆ ಬೇರೆ ಪ್ಯಾರಾಗಳಲ್ಲಿ ಬರೆಯಿರಿ, ಮೊದಲನೆಯದಕ್ಕೆ 1600ರ ಸನ್ನದನ್ನೂ ಎರಡನೆಯದಕ್ಕೆ 1765ರ ದಿವಾನಿಯನ್ನೂ ಆಧಾರವಾಗಿ ಕೊಡಿ.